ತೊಂಬತ್ತರ ಹತ್ತಿರ ನಿಂತುಬಿಡುವ ನಕಲು

ಠಾಣೆ ಸ್ಟೇಷನ್ನಿನ ಪೂರ್ವಕ್ಕಿರುವ ನಮ್ಮ ಕೋಪರಿ, ಆಚೆ ಡೊಂಬಿವಲಿ, ಕಲ್ಯಾಣ, ಖಾಡಿ ದಾಟಿದರೆ ವಾಶಿ, ನೆರೂಲ್. ಇಲ್ಲಿನ ಕನ್ನಡ ಮನೆಗಳ ಕಪಾಟು ತೆರೆದರೆ ಸೀರೆ, ಪಾಸ್‌ಬುಕ್ಕುಗಳ ನಡುವೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಡಿವಿಡಿಗಳು ಸಿಗುತ್ತವೆ. ಮದುವೆ, ಉಪನಯನ, ಊರಿನ ಮನೆಯ ಭೂತಕೋಲ, ಸಂಘದ ವಾರ್ಷಿಕೋತ್ಸವ. ಇವೆಲ್ಲಕ್ಕಿಂತ ಬೆಲೆಬಾಳುವುದು ಯಕ್ಷಗಾನ. ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುವುದು ಹಳೆಯ ವಾಡಿಕೆ. ಇಲ್ಲಿನ ಸಭಾಂಗಣಗಳಲ್ಲಿ ಅವರು ಆಡಿದ ಆಟಗಳನ್ನು ಯಾವ ಟಿವಿಯವರೂ ಚಿತ್ರೀಕರಿಸಲಿಲ್ಲ. ಮದುವೆಗೆ ಬರುವ ವಿಡಿಯೋದವರನ್ನೇ ಕರೆಸಿ, ಚಂದಾ ಹಾಕಿ, ಶೂಟಿಂಗ್ ಮಾಡಿಸಿ, ಕೆಲವೇ ಪ್ರತಿಗಳನ್ನು ಬರ್ನ್ ಮಾಡಿಸಿ ಹಂಚಿಕೊಂಡರು. ಆ ರಾತ್ರಿಯ ಭಾಗವತಿಕೆ, ಆ ರಾತ್ರಿಯ ಅರ್ಥಗಾರಿಕೆ ಇವತ್ತು ಎಲ್ಲಾದರೂ ಉಳಿದಿದ್ದರೆ ಈ ಡಬ್ಬಿಗಳಲ್ಲಿ ಮಾತ್ರ.

ಈಗ ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆತುರ ಎಲ್ಲರಿಗೂ ಬಂದಿದೆ. ಬರಬೇಕಾದದ್ದೇ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವೇ ಇಲ್ಲ. ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಕಳಿಸುವ ಹಳೆಯ ವ್ಯವಹಾರವನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಒಂದು ಕಾಲಕ್ಕೆ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ದೇಶದ ಮನೆಮನೆಗೆ ಡಿಸ್ಕ್ ತಲುಪಿಸಿದ ಮೋಸರ್ ಬೇಯರ್ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಗಿದೇ ಹೋಯಿತು. ಡ್ರೈವ್ ಇರುವುದು ಹಳೆಯ ಲ್ಯಾಪ್‌ಟಾಪುಗಳಲ್ಲಿ. ಅವುಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ ಅಪ್ಪ ಅಮ್ಮನ ಕೈಗೆ ಕೊಟ್ಟಿದ್ದಾರೆ. ಒಳ್ಳೆಯ ಕೆಲಸ. ಡಿವಿಡಿ ಉಳಿಸಲು ಅದಕ್ಕಿಂತ ಒಳ್ಳೆಯ ಸಲಕರಣೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಆದರೆ ದೂರು ಮಾತ್ರ ಒಂದೇ ಬಗೆಯದು: ಸಾಫ್ಟ್‌ವೇರ್ ಕೆಟ್ಟಿದೆ, ಶೇಕಡಾ 90ರ ತನಕ ಚೆನ್ನಾಗಿ ಹೋಗುತ್ತದೆ, ಆಮೇಲೆ ನಿಂತುಬಿಡುತ್ತದೆ. ಒಂದು ಸಾಫ್ಟ್‌ವೇರ್ ತೆಗೆದು ಇನ್ನೊಂದು ಹಾಕುತ್ತಾರೆ, ಅದೂ ಅಲ್ಲೇ ನಿಲ್ಲುತ್ತದೆ. ಕೊನೆಗೆ ಲಿನಕ್ಸನ್ನೇ ಬೈದು ಡಿಸ್ಕನ್ನು ಮತ್ತೆ ಕಪಾಟಿಗೆ ಸೇರಿಸುತ್ತಾರೆ.

ದೋಷ ಸಾಫ್ಟ್‌ವೇರಿನದಾಗಿರುವುದು ಕಡಿಮೆ. ಡಿವಿಡಿ ನಕಲು ಮಾಡುವ ಪ್ರೋಗ್ರಾಂಗೆ ನಾವು ಒಂದೇ ಗುಂಡಿ ಒತ್ತಿ ಮೂರು ಕೆಲಸ ಒಪ್ಪಿಸುತ್ತೇವೆ: ಡಿಸ್ಕನ್ನು ಓದು, ಬೀಗವಿದ್ದರೆ ತೆಗೆ, ಓದಿದ್ದನ್ನು ಮೊಬೈಲಿನಲ್ಲಿ ನೋಡುವಂಥ ಸಣ್ಣ ಫೈಲಾಗಿ ಪರಿವರ್ತಿಸು. ಮೂರರಲ್ಲಿ ಯಾವುದು ತಪ್ಪಿದರೂ ಪರದೆಯ ಮೇಲೆ ಬರುವ ಮಾತು ಒಂದೇ, ‘ಏನೋ ತಪ್ಪಾಗಿದೆ’ ಎಂಬ ಅರ್ಥದ್ದು. ಮೂರನ್ನೂ ಬೇರೆ ಬೇರೆ ಮಾಡಿ ನೋಡಿ. ಮೊದಲು ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ಎತ್ತಿಕೊಳ್ಳಿ. ಪರಿವರ್ತನೆ ಆಮೇಲಿನ ಮಾತು, ಅದನ್ನು ಮುಂದಿನ ವರ್ಷವೂ ಮಾಡಬಹುದು. ಡಿಸ್ಕಿಗೆ ಮಾತ್ರ ಅಷ್ಟು ಸಮಯ ಇಲ್ಲ.

ಎಲ್ಲಿ ತಪ್ಪಿತೆಂದು ಲಿನಕ್ಸ್ ಬಾಯಿಬಿಟ್ಟು ಹೇಳುತ್ತದೆ, ಕೇಳಬೇಕಾದ ಜಾಗದಲ್ಲಿ ಕೇಳಿದರೆ. ಟರ್ಮಿನಲ್ ತೆರೆದು ಸುಡೋ ಎಂದು ಬರೆದು ಮುಂದೆ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ ಬರೆಯಿರಿ. ಕರ್ನೆಲ್, ಅಂದರೆ ಲಿನಕ್ಸಿನ ಒಳತಿರುಳು, ಯಂತ್ರದ ಬಿಡಿಭಾಗಗಳೊಂದಿಗೆ ನಡೆಸಿದ ವ್ಯವಹಾರವೆಲ್ಲ ಸಾಲುಸಾಲಾಗಿ ಬರುತ್ತದೆ. ಡಿವಿಡಿ ಡ್ರೈವಿನ ಹೆಸರು ಅಲ್ಲಿ ಎಸ್‌ಆರ್ ಸೊನ್ನೆ. ನಕಲು ನಿಂತ ತಕ್ಷಣ ಕೊನೆಯ ಕೆಲವು ಸಾಲು ನೋಡಿ. ‘ಮೀಡಿಯಂ ಎರರ್’, ‘ಅನ್‌ರಿಕವರ್ಡ್ ರೀಡ್ ಎರರ್’ ಎಂದಿದ್ದರೆ ಡಿಸ್ಕಿನ ಆ ಜಾಗ ಓದಲು ಬರುತ್ತಿಲ್ಲ. ಯಾವ ಸಾಫ್ಟ್‌ವೇರ್ ಬದಲಿಸಿದರೂ ಆ ಜಾಗ ಹಾಗೆಯೇ ಇರುತ್ತದೆ. ‘ಇಲ್ಲೀಗಲ್ ರಿಕ್ವೆಸ್ಟ್’ ಎಂದೂ, ಅದರ ಕೆಳಗೆ ‘ರೀಡ್ ಆಫ್ ಸ್ಕ್ರ್ಯಾಂಬಲ್ಡ್ ಸೆಕ್ಟರ್ ವಿದೌಟ್ ಅಥೆಂಟಿಕೇಶನ್’ ಎಂದೂ ಇದ್ದರೆ ಡಿಸ್ಕ್ ಚೆನ್ನಾಗಿಯೇ ಇದೆ, ಬೀಗ ಹಾಕಿದೆ. ‘ಯುಎಸ್‌ಬಿ ಡಿಸ್‌ಕನೆಕ್ಟ್’ ಎಂದಿದ್ದರೆ ಡಿಸ್ಕಿನದ್ದೂ ಅಲ್ಲ, ಸಾಫ್ಟ್‌ವೇರಿನದ್ದೂ ಅಲ್ಲ, ತಂತಿಯ ತಕರಾರು. ಏನೂ ಇಲ್ಲದಿದ್ದರೆ ಆಗ ಸಾಫ್ಟ್‌ವೇರನ್ನೋ, ಪ್ರತಿ ಇಡುತ್ತಿರುವ ಜಾಗವನ್ನೋ ಸಂಶಯಿಸಬಹುದು. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಆಯಿತು.

ಬೀಗದ ವಿಷಯ ಮೊದಲು ಮುಗಿಸುತ್ತೇನೆ, ಏಕೆಂದರೆ ಜನ ಅತಿಯಾಗಿ ಸಮಯ ಕಳೆಯುವುದು ಇಲ್ಲಿ. ಸಿನಿಮಾ ಕಂಪನಿಗಳು ಅಚ್ಚು ಹಾಕಿಸಿ ಮಾರಿದ ಡಿವಿಡಿಗಳಿಗೆ ಸಿಎಸ್ಎಸ್ ಎಂಬ ಗೂಢಲಿಪಿಯ ಬೀಗ ಇರುತ್ತದೆ. 1999ರಲ್ಲಿ ನಾರ್ವೆಯ ಯೋನ್ ಲೆಕ್ ಯೊಹಾನ್ಸೆನ್ ಎಂಬ ಹದಿನೈದರ ಹುಡುಗ ಇನ್ನಿಬ್ಬರ ಜೊತೆ ಸೇರಿ ಅದನ್ನು ಬಿಡಿಸುವ ಪ್ರೋಗ್ರಾಂ ಹೊರತಂದ. ಕೊಂಡ ಡಿವಿಡಿಯನ್ನು ಲಿನಕ್ಸಿನಲ್ಲಿ ನೋಡಲು ದಾರಿ ಇರಲಿಲ್ಲ ಎಂಬುದು ಅವನ ವಾದವಾಗಿತ್ತು. ಅವನ ಮೇಲೆ ಮೊಕದ್ದಮೆ ನಡೆದು 2003ರಲ್ಲಿ ಅವನು ನಿರ್ದೋಷಿ ಎಂದು ಮೇಲಿನ ನ್ಯಾಯಾಲಯವೂ ಹೇಳಿತು. ಇವತ್ತು ಲಿನಕ್ಸಿನಲ್ಲಿ ಆ ಕೆಲಸ ಮಾಡುವುದು ವಿಎಲ್‌ಸಿ ಪ್ಲೇಯರ್ ಮಾಡಿದ ವಿಡಿಯೋಲ್ಯಾನ್ ಬಳಗದ ಲಿಬ್‌ಡಿವಿಡಿಸಿಎಸ್ಎಸ್. ಕಾನೂನಿನ ತೊಡಕಿಗೆ ಹೆದರಿ ಬಹುಪಾಲು ಡಿಸ್ಟ್ರೊಗಳು, ಅಂದರೆ ಲಿನಕ್ಸಿನ ಬೇರೆ ಬೇರೆ ರೂಪಗಳು, ಅದನ್ನು ತಮ್ಮ ಜೊತೆ ಕೊಡುವುದಿಲ್ಲ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜ್ ಇದೆ. ಅದು ಬರೀ ತರುವ ಏರ್ಪಾಡು. ಅದನ್ನು ಹಾಕಿಕೊಂಡ ಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಆಜ್ಞೆಯನ್ನು ಅದರ ಹೆಸರಿನೊಂದಿಗೆ ಕೊಟ್ಟಾಗಲೇ ನಿಜವಾದ ಸಾಮಾನು ಡೌನ್‌ಲೋಡ್ ಆಗಿ ನಿಮ್ಮ ಯಂತ್ರದಲ್ಲಿ ಸಿದ್ಧವಾಗುತ್ತದೆ. ಈ ಎರಡನೇ ಹೆಜ್ಜೆ ಮರೆತವರೇ ಹೆಚ್ಚು. ಮರೆತರೆ ನಕಲು ಪ್ರೋಗ್ರಾಂ ಜೋರಾಗಿ ಕೂಗಿ ಹೇಳುವುದೂ ಇಲ್ಲ. ಟರ್ಮಿನಲ್ಲಿನಲ್ಲಿ ‘ಎನ್‌ಕ್ರಿಪ್ಟೆಡ್ ಡಿವಿಡಿ ಸಪೋರ್ಟ್ ಅನ್‌ಅವೇಲಬಲ್’ ಎಂದು ಒಂದು ಸಾಲು ಉದುರಿಸಿ ಮುಂದಕ್ಕೆ ಹೋಗುತ್ತದೆ. ಮುಗಿದ ಫೈಲನ್ನು ತೆರೆದರೆ ಚಿತ್ರವೆಲ್ಲ ಹಸಿರು, ಗುಲಾಬಿ ಚೌಕಗಳಾಗಿ ಒಡೆದಿರುತ್ತದೆ.

ದುಬೈ, ಮಸ್ಕತ್‌ನಿಂದ ನೆಂಟರು ತಂದ ಡಿಸ್ಕಾದರೆ ಇನ್ನೊಂದು ತೊಡಕು ಇರಬಹುದು. ಡಿವಿಡಿಗೆ ಪ್ರದೇಶ ಸಂಖ್ಯೆ ಉಂಟು. ಭಾರತದ್ದು 5, ಗಲ್ಫಿನದ್ದು 2. ಡ್ರೈವಿನ ಒಳಗೂ ಈ ಸಂಖ್ಯೆ ಇರುತ್ತದೆ, ಅದನ್ನು ಐದು ಸಲ ಮಾತ್ರ ಬದಲಿಸಬಹುದು. ಬದಲಿಸುವ ಮುಂಚೆ ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತು: ಮದುವೆಯ ಡಿವಿಡಿಗೆ, ಸಂಘದ ಡಿವಿಡಿಗೆ, ವಿಡಿಯೋದವರು ಬರ್ನ್ ಮಾಡಿಕೊಟ್ಟ ಯಕ್ಷಗಾನಕ್ಕೆ ಈ ಬೀಗ ಇರುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಖಾಲಿ ಡಿವಿಡಿ-ಆರ್‌ನಲ್ಲಿ ಬೀಗದ ಕೀಲಿ ಬರೆಯಬೇಕಾದ ಒಳಸುತ್ತಿನ ಜಾಗವನ್ನು ಕಾರ್ಖಾನೆಯಲ್ಲೇ ಬರೆಯಲಾಗದಂತೆ ಮುಚ್ಚಿರುತ್ತಾರೆ. ನಿಮ್ಮ ಮನೆಯ ಡಿಸ್ಕ್ ನಕಲಾಗದಿದ್ದರೆ ಬೀಗ ತೆಗೆಯುವ ಸಾಫ್ಟ್‌ವೇರ್ ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ಕೆಟ್ಟಿರುವುದು ಬೇರೆ.

ಶೇಕಡಾ 90ರಲ್ಲೇ ಏಕೆ ನಿಲ್ಲುತ್ತದೆ? ಡಿವಿಡಿಯನ್ನು ಒಳಗಿನಿಂದ ಹೊರಗೆ ಬರೆಯುತ್ತಾರೆ. ಮಧ್ಯದ ತೂತಿನ ಹತ್ತಿರ ಪ್ರಸಂಗದ ಪೀಠಿಕೆ, ಹೊರ ಅಂಚಿನಲ್ಲಿ ಮಂಗಳ. ಬರ್ನ್ ಮಾಡಿದ ಡಿಸ್ಕಿನಲ್ಲಿ ಗುರುತು ಬೀಳುವುದು ಒಂದು ಬಗೆಯ ಸಾವಯವ ಬಣ್ಣದ ಪದರದ ಮೇಲೆ. ಆ ಪದರ ಅಂಚಿನಲ್ಲಿ ತೆಳುವಾಗಿರಬಹುದು, ಕೈಬೆರಳು ತಾಗುವುದೂ ಅಂಚಿಗೇ. ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ್ದು, ಅಂಟು ಬಿಟ್ಟು ತೇವ ಒಳಸೇರುವುದೂ ಅಂಚಿನಿಂದ. ಖಾಡಿಯ ದಂಡೆಯ ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಬೂಸ್ಟು ಡಿಸ್ಕನ್ನೂ ಬಿಡುವುದಿಲ್ಲ. ಮಧ್ಯ ಅಮೆರಿಕದ ಬೆಲೀಜಿನಲ್ಲಿ ಕೆಟ್ಟ ಒಂದು ಸಿಡಿಯ ಒಳಪದರವನ್ನು ಶಿಲೀಂಧ್ರ ತಿಂದುಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದ್ದರು. ಇದು ಸಾಲದೆಂಬಂತೆ ಡಿಸ್ಕಿನ ಮೇಲೆ ವಧೂವರರ ಫೋಟೋ ಇರುವ ಕಾಗದದ ಸ್ಟಿಕ್ಕರ್. ಅದು ತೇವ ಹೀರಿ ಒಂದು ಕಡೆ ಮುದುಡಿಕೊಂಡರೆ ಡಿಸ್ಕ್ ತಿರುಗುವಾಗ ಅಲುಗಾಡುತ್ತದೆ, ಅಲುಗಾಟ ಹೆಚ್ಚು ಕಾಡುವುದೂ ಅಂಚಿನಲ್ಲೇ. ಸ್ಟಿಕ್ಕರನ್ನು ಕೀಳಲು ಹೋಗಬೇಡಿ, ಕೆಳಗಿನ ಪದರವೂ ಜೊತೆಗೆ ಬರಬಹುದು.

ಈಗ ಒಂದು ಲೆಕ್ಕ ನೋಡಿ. ಡಿವಿಡಿಯ ದತ್ತಾಂಶ 2048 ಬೈಟಿನ ಸೆಕ್ಟರುಗಳಲ್ಲಿ ಇರುತ್ತದೆ. ತಪ್ಪು ತಿದ್ದುವ ಗಣಿತಕ್ಕಾಗಿ ಹದಿನಾರು ಸೆಕ್ಟರುಗಳನ್ನು ಒಂದು ಕಟ್ಟು ಮಾಡಿರುತ್ತಾರೆ. ಆ ಕಟ್ಟು ಓದಲು ಬಾರದಿದ್ದರೆ ಹೋಗುವುದು 32 ಕಿಲೋಬೈಟ್. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಬರೆದ ವಿಡಿಯೋದಲ್ಲಿ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಒಂದು ಚಿತ್ರ ಇನ್ನೊಂದನ್ನು ಆಧರಿಸಿ ನಿಲ್ಲುವ ಎಂಪೆಗ್ ಪದ್ಧತಿಯಿಂದಾಗಿ ತೆರೆಯ ಮೇಲೆ ಅರ್ಧ ಸೆಕೆಂಡು ಚೌಕಚೌಕವಾಗಿ ಕಂಡೀತು. ಅಷ್ಟೇ. ಆ ಅರ್ಧ ಸೆಕೆಂಡಿಗಾಗಿ ನಕಲು ಪ್ರೋಗ್ರಾಂ ಇಡೀ ಆಟವನ್ನು ಕೈಬಿಡುತ್ತದೆ, ನಾವೂ ಕೈಬಿಡುತ್ತೇವೆ. ನನಗೆ ಸಹಿಸಲಾಗದ್ದು ಇದು.

ಇದಕ್ಕೆ ಮದ್ದು ಡಿಡಿರೆಸ್ಕ್ಯೂ. ಆಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು ಬರೆದದ್ದು, ಗ್ನೂ ಯೋಜನೆಯ ಉಚಿತ ತಂತ್ರಾಂಶ. ಡೆಬಿಯನ್ ಬಳಗದ ಡಿಸ್ಟ್ರೊಗಳಲ್ಲಿ ಪ್ಯಾಕೇಜಿನ ಹೆಸರಿಗೆ ಮುಂದೆ ಒಂದು ‘ಜಿ’ ಸೇರಿಸಿ ಹುಡುಕಬೇಕು, ಜಿಡಿಡಿರೆಸ್ಕ್ಯೂ ಎಂದು. ಹಾಕಿಕೊಂಡ ಮೇಲೆ ಆಜ್ಞೆಯಲ್ಲಿ ಆ ಜಿ ಬೇಡ. ಇದು ಗೊತ್ತಿಲ್ಲದೆ ಹೆಸರು ಹೋಲುವ ಇನ್ನೊಂದು ಪ್ರೋಗ್ರಾಂ ಹಾಕಿಕೊಂಡು, ಕೊಟ್ಟ ಆಜ್ಞೆ ನಡೆಯುತ್ತಿಲ್ಲ ಎಂದು ಕುಳಿತವರಿದ್ದಾರೆ.

ಸಾಮಾನ್ಯ ನಕಲು ಪ್ರೋಗ್ರಾಂ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗಿ ತೊಡಕು ಬಂದಲ್ಲಿ ಡ್ರೈವನ್ನು ಹಟ ಹಿಡಿಸಿ ಅಲ್ಲೇ ಕೂರಿಸುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಕೈಗೆಟುಕುವ ಕಾಯಿಯನ್ನೆಲ್ಲ ಮೊದಲು ಕೊಯ್ದುಕೊಂಡು ಆಮೇಲೆ ದೋಟಿ ಹುಡುಕುವ ತೋಟದವನ ಬುದ್ಧಿ ಅದಕ್ಕಿದೆ. ತೊಡಕಿನ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಓದಲು ಸುಲಭವಾದುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಬಿಟ್ಟ ಜಾಗಗಳ ಪಟ್ಟಿಯನ್ನು ಒಂದು ನಕ್ಷೆ ಫೈಲಿನಲ್ಲಿ ಬರೆದಿಡುತ್ತದೆ, ಆಮೇಲೆ ಹಿಂದಿರುಗಿ ಒಂದೊಂದನ್ನೇ ಕೆದಕುತ್ತದೆ. ಮೊದಲ ಸುತ್ತಿಗೆ ಬರೆಯಬೇಕಾದದ್ದು ಇಷ್ಟು: ಡಿಡಿರೆಸ್ಕ್ಯೂ, ಹೈಫನ್ ಎನ್, ಹೈಫನ್ ಬಿ 2048, ಡ್ರೈವಿನ ವಿಳಾಸ, ಪ್ರತಿಯ ಹೆಸರು, ನಕ್ಷೆಯ ಹೆಸರು. ಡ್ರೈವಿನ ವಿಳಾಸ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಆರ್ ಸೊನ್ನೆ. ಎರಡನೇ ಸುತ್ತಿಗೆ ಹೈಫನ್ ಎನ್ ಬದಲು ಹೈಫನ್ ಡಿ, ಹೈಫನ್ ಆರ್ 3, ಉಳಿದದ್ದು ಹಾಗೆಯೇ. ಪ್ರತಿಯ ಹೆಸರಾಗಲಿ, ನಕ್ಷೆಯ ಹೆಸರಾಗಲಿ ಬದಲಾಗಕೂಡದು. ನಡುವೆ ಕರೆಂಟು ಹೋದರೂ ಚಿಂತೆಯಿಲ್ಲ, ಅದೇ ಆಜ್ಞೆ ಮತ್ತೆ ಕೊಟ್ಟರೆ ನಕ್ಷೆ ನೋಡಿಕೊಂಡು ನಿಂತಲ್ಲಿಂದ ಮುಂದುವರಿಯುತ್ತದೆ.

ನಕ್ಷೆಯ ನಿಜವಾದ ಬಲ ಇರುವುದು ಡ್ರೈವ್ ಬದಲಿಸುವಾಗ. ಒಂದು ಡ್ರೈವಿನ ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ಲೇಸರಿನ ಹದ, ಮಸೂರದ ಧೂಳು, ಮೋಟಾರಿನ ಸವೆತ ಒಂದೊಂದರದ್ದು ಒಂದೊಂದು ಥರ. ನಮ್ಮ ಕಟ್ಟಡದ ಮೂರನೇ ಮಹಡಿಯ ಅಮ್ಮನೊಬ್ಬರು 2008ರ ಒಂದು ಕೃಷ್ಣಾರ್ಜುನ ಕಾಳಗದ ಡಿಸ್ಕ್ ತಂದುಕೊಟ್ಟರು. ಅಂಚಿನ ಸುತ್ತ ಕಂದು ಬಣ್ಣದ ತೆಳು ಬಳೆಯಂಥ ಗುರುತು, ಸ್ಟಿಕ್ಕರಿನ ಒಂದು ಮಗ್ಗುಲು ಉಬ್ಬಿತ್ತು. “ಇದ್ರಲ್ಲಿ ನಮ್ಮ ಮಾವನ ಭೀಮನ ವೇಷ ಉಂಟು ಮಾರಾಯ್ರೇ, ಅವರು ಹೋಗಿ ಎಂಟು ವರ್ಷ ಆಯ್ತು. ಬೇರೆಂತ ಹೋದ್ರೂ ಹೋಗ್ಲಿ, ಅದೊಂದು ಸಿಕ್ಕಿದ್ರೆ ಸಾಕು” ಎಂದರು. ಭೀಮ ಬರುವುದು ಪ್ರಸಂಗದ ಕೊನೆಯ ಭಾಗದಲ್ಲಿ, ಅಂದರೆ ಕೆಟ್ಟ ಅಂಚಿನಲ್ಲೇ. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಮೊದಲ ಸುತ್ತು ಮುಗಿದಾಗ ಪರದೆಯಲ್ಲಿ ‘ಬ್ಯಾಡ್ ಏರಿಯಾಸ್’ ಎಂಬಲ್ಲಿ ದೊಡ್ಡ ಸಂಖ್ಯೆ ಇತ್ತು. ಗೆಳೆಯರೊಬ್ಬರ ಹಳೆಯ ಡೆಸ್ಕ್‌ಟಾಪಿನ ಡ್ರೈವಿಗೆ ಅದೇ ಡಿಸ್ಕ್ ಹಾಕಿ, ಅದೇ ನಕ್ಷೆ ಕೊಟ್ಟು, ವೇಗ ಇಳಿಸಿ ಬಿಟ್ಟೆವು. ಕಾಣುತ್ತಿದ್ದ ಹಾಗೆ ಆ ಸಂಖ್ಯೆ ಇಳಿಯತೊಡಗಿತು. ಕೊನೆಗೆ ಉಳಿದ ಕೆಲವೇ ತೂತುಗಳು ಮಂಗಳಪದದ ಜಾಗದಲ್ಲಿದ್ದವು, ಭೀಮ ಪೂರ್ತಿ ಸಿಕ್ಕಿದ. ಅಮ್ಮ ಮೊಬೈಲಿನಲ್ಲಿ ಅದನ್ನೇ ಮೂರು ಸಲ ನೋಡಿ, “ಧ್ವನಿ ಹೀಗೇ ಇತ್ತು” ಎಂದರು.

ವೇಗ ಇಳಿಸುವುದೂ ಒಂದು ಸಲಕರಣೆಯೇ. ಇಜೆಕ್ಟ್ ಆಜ್ಞೆಗೆ ಹೈಫನ್ ಎಕ್ಸ್ 4 ಸೇರಿಸಿದರೆ ಡ್ರೈವ್ ನಿಧಾನ ತಿರುಗುತ್ತದೆ, ಅಲುಗಾಟ ಕಡಿಮೆಯಾಗುತ್ತದೆ. ಡಿಸ್ಕನ್ನು ಮೆದು ಬಟ್ಟೆಯಿಂದ ಒರೆಸುವಾಗ ಗುಂಡಗೆ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ದತ್ತಾಂಶ ಗುಂಡಗೆ ಇರುವುದರಿಂದ ಅದೇ ದಿಕ್ಕಿನ ಗೀರು ಒಂದೇ ಜಾಗದ ಹತ್ತಾರು ಕಟ್ಟುಗಳನ್ನು ಸಾಲಾಗಿ ಕೆಡಿಸುತ್ತದೆ, ಅಡ್ಡ ಗೀರಾದರೆ ತಿದ್ದುವ ಗಣಿತ ನಿಭಾಯಿಸುತ್ತದೆ.

ಇನ್ನೊಂದು ಉಪಾಯ ಕೆಲವರಿಗೆ ಹೊಳೆಯುವುದಿಲ್ಲ. ಮದುವೆಯ ಡಿವಿಡಿ ವರನ ಕಡೆಗೊಂದು, ವಧುವಿನ ಕಡೆಗೊಂದು ಇರುತ್ತದೆ. ಸಂಘದ ಆಟದ್ದಾದರೆ ಹತ್ತು ಮನೆಯಲ್ಲಿ ಹತ್ತು. ಒಂದೇ ಮೂಲದಿಂದ ಬರ್ನ್ ಮಾಡಿದವಾದರೆ ಅವು ಸೆಕ್ಟರ್ ಸೆಕ್ಟರಿಗೂ ಒಂದೇ. ನಿಮ್ಮ ಡಿಸ್ಕಿನ ತೂತುಗಳನ್ನು ಡೊಂಬಿವಲಿಯ ಅತ್ತೆಯ ಮನೆಯ ಡಿಸ್ಕಿನಿಂದ ಅದೇ ನಕ್ಷೆಯ ಸಹಾಯದಿಂದ ತುಂಬಬಹುದು. ತುಂಬುವ ಮೊದಲು ಐಸೊಸೈಜ್ ಆಜ್ಞೆಯಿಂದ ಎರಡರ ಗಾತ್ರ ನೋಡಿ. ಒಂದು ಬೈಟ್ ವ್ಯತ್ಯಾಸವಿದ್ದರೂ ಬೆರೆಸಬೇಡಿ.

ಓದುವಿಕೆ ಸರಿಯಿದ್ದೂ ಪ್ರತಿ ನಿಂತರೆ ಅದನ್ನು ಎಲ್ಲಿಡುತ್ತಿದ್ದೀರಿ ನೋಡಿ. ಒಂದು ಪದರದ ಡಿವಿಡಿ 4.7 ಗಿಗಾಬೈಟ್. ಮಾರುಕಟ್ಟೆಯ ಅನೇಕ ಪೆನ್‌ಡ್ರೈವ್‌ಗಳು ಎಫ್ಎಟಿ 32 ಎಂಬ ಹಳೆಯ ಕ್ರಮದಲ್ಲಿ ಬರುತ್ತವೆ, ಅದರಲ್ಲಿ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ. ಪೆನ್‌ಡ್ರೈವಿನಲ್ಲಿ ಇನ್ನೂ 50 ಗಿಗಾಬೈಟ್ ಖಾಲಿ ಇದ್ದರೂ ನಕಲು ಅಲ್ಲಿಗೆ ನಿಲ್ಲುತ್ತದೆ. ಕಂಪ್ಯೂಟರಿನ ಆ 4 ಗಿಗಾಬೈಟ್ ಡಿವಿಡಿ ಕಂಪನಿಗಳ ಲೆಕ್ಕದಲ್ಲಿ ಸುಮಾರು 4.3. ತುಂಬಿದ ಡಿಸ್ಕಿನಲ್ಲಿ ಅದು ಎಷ್ಟು ಶೇಕಡಾ ಎಂದು ಲೆಕ್ಕ ಹಾಕಿ, ಮತ್ತೆ ತೊಂಬತ್ತರ ಹತ್ತಿರವೇ ಬರುತ್ತದೆ. ಡಿಸ್ಕಿನ ಅಂಚಿನ ದೋಷವೂ ಅಲ್ಲಿಯೇ, ಪೆನ್‌ಡ್ರೈವಿನ ಮಿತಿಯೂ ಅಲ್ಲಿಯೇ. ಇವೆರಡನ್ನು ಬೇರ್ಪಡಿಸಿ ಹೇಳುವುದು ಕರ್ನೆಲಿನ ಆ ಸಾಲುಗಳು ಮಾತ್ರ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿದರೆ ತೀರಿತು. ಒಳಗಿದ್ದುದನ್ನು ಮೊದಲು ಬೇರೆಡೆ ಇಟ್ಟುಕೊಳ್ಳಿ.

ಹೊಸ ಡಿಸ್ಟ್ರೊಗೆ ಬಂದ ಮೇಲೆ ಕೆಟ್ಟಿತು ಎನ್ನುವವರಿಗೆ ಇನ್ನೊಂದು ಮಾತು. ಕೆ3ಬಿಯಂಥ ಪ್ರೋಗ್ರಾಂಗಳು ತಾತ್ಕಾಲಿಕ ಪ್ರತಿಯನ್ನು ಟಿಎಂಪಿ ಎಂಬ ಫೋಲ್ಡರಿನಲ್ಲಿ ಇಡುವುದುಂಟು. ಫೆಡೋರಾದಲ್ಲಿ ಬಹಳ ಹಿಂದಿನಿಂದ, ಡೆಬಿಯನ್‌ನಲ್ಲಿ 2025ರ 13ನೇ ಆವೃತ್ತಿಯಿಂದ, ಆ ಫೋಲ್ಡರ್ ಇರುವುದು ಹಾರ್ಡ್ ಡಿಸ್ಕಿನಲ್ಲಲ್ಲ, ರ‍್ಯಾಮಿನಲ್ಲಿ. ಅದರ ಮಿತಿ ರ‍್ಯಾಮಿನ ಅರ್ಧ. 4 ಗಿಗಾಬೈಟ್ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ 2 ಗಿಗಾಬೈಟಿಗೆ ಜಾಗ ಮುಗಿಯುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ತಾತ್ಕಾಲಿಕ ಫೋಲ್ಡರನ್ನು ನಿಮ್ಮ ಹೋಮ್ ಒಳಗೆ ಬದಲಿಸಿಕೊಳ್ಳಿ. ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಹಾಕಿಕೊಂಡ ಪ್ರೋಗ್ರಾಂಗೆ ಡ್ರೈವೇ ಕಾಣುತ್ತಿಲ್ಲವಾದರೆ ಅದಕ್ಕೆ ಸಾಧನಗಳನ್ನು ಮುಟ್ಟುವ ಅನುಮತಿ ಇದೆಯೇ ನೋಡಿ. ಕೆ9ಕಾಪಿ ಎಂಬುದು ಒಂದು ಕಾಲಕ್ಕೆ ನಮ್ಮೆಲ್ಲರ ಅಚ್ಚುಮೆಚ್ಚಿನದಾಗಿತ್ತು, ಅದರ ಬೆಳವಣಿಗೆ ನಿಂತು ಬಹಳ ಕಾಲವಾಯಿತು. ಅದನ್ನು ಮತ್ತೆ ಎಬ್ಬಿಸಲು ಹೊರಟು ದಿನ ಕಳೆಯಬೇಡಿ.

ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಯುಎಸ್‌ಬಿ ಡ್ರೈವ್ ನಡುನಡುವೆ ಕೈಕೊಡುತ್ತಿದ್ದರೆ ವಿದ್ಯುತ್ತಿನ ಕೊರತೆ ಇರಬಹುದು. ಹಳೆಯ ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪಿಯರ್. ಮೋಟಾರು ವೇಗ ಹಿಡಿಯುವಾಗ ಡ್ರೈವ್ ಅದಕ್ಕಿಂತ ಹೆಚ್ಚು ಬೇಡುತ್ತದೆ. ಲ್ಯಾಪ್‌ಟಾಪಿನ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ, ನಡುವೆ ಹಬ್ ಇಲ್ಲದೆ, ಗಿಡ್ಡ ತಂತಿಯಲ್ಲಿ ಜೋಡಿಸಿ.

ಕೆಲವು ಡಿಸ್ಕ್ ಪೂರ್ತಿ ಖಾಲಿ ಎಂದು ತೋರಿಸುತ್ತವೆ. ಹ್ಯಾಂಡಿಕ್ಯಾಮಿನ ಅಂಗೈಯಗಲದ 8 ಸೆಂಟಿಮೀಟರ್ ಡಿಸ್ಕುಗಳಲ್ಲಿ ಇದು ಹೆಚ್ಚು. ಶೂಟಿಂಗ್ ಮುಗಿದ ಮೇಲೆ ಕ್ಯಾಮೆರಾದಲ್ಲಿ ‘ಫೈನಲೈಸ್’ ಒತ್ತಲು ಮರೆತಿದ್ದರೆ ವಿಡಿಯೋ ಇರುತ್ತದೆ, ಅದರ ವಿಳಾಸಪಟ್ಟಿ ಇರುವುದಿಲ್ಲ. ಆ ಕ್ಯಾಮೆರಾ ಇನ್ನೂ ಮನೆಯಲ್ಲಿದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ಎಲ್ಲಕ್ಕಿಂತ ಕೆಟ್ಟದ್ದು ಯಾವ ದೂರೂ ಇಲ್ಲದೆ ‘ಯಶಸ್ವಿ’ ಎಂದು ಮುಗಿಯುವ ನಕಲು. ಡಿವಿಡಿಬ್ಯಾಕಪ್ ಎಂಬ ಪ್ರೋಗ್ರಾಂನಲ್ಲಿ ಮುಖ್ಯ ಚಿತ್ರವನ್ನು ಮಾತ್ರ ತೆಗೆದುಕೊಳ್ಳುವ ಆಯ್ಕೆ ಇದೆ. ಸಿನಿಮಾಕ್ಕೆ ಅದು ಸರಿ, ಅದರಲ್ಲಿ ಅತಿ ಉದ್ದದ್ದೇ ಸಿನಿಮಾ. ಆದರೆ ವಿಡಿಯೋದವರು ಆಟವನ್ನು ಮೂರು ಟೈಟಲುಗಳಾಗಿ ಒಡೆದು ಬರ್ನ್ ಮಾಡಿರುತ್ತಾರೆ. ಅತಿ ಉದ್ದದ್ದನ್ನು ಮಾತ್ರ ಎತ್ತಿಕೊಂಡರೆ ಒಡ್ಡೋಲಗ ಹೋಯಿತು, ಯುದ್ಧವೂ ಹೋಯಿತು. ಓದಲಾಗದ ಜಾಗ ಬಂದಾಗ ಮಾತಾಡದೆ ಹಾರಿಹೋಗುವ ಸೆಟ್ಟಿಂಗೂ ಅದರಲ್ಲಿ ಇದೆ. ಎಲ್‌ಎಸ್‌ಡಿವಿಡಿ ಆಜ್ಞೆ ಕೊಟ್ಟರೆ ಡಿಸ್ಕಿನ ಎಲ್ಲ ಟೈಟಲುಗಳ ಉದ್ದ ನಿಮಿಷ ಸೆಕೆಂಡಿನಲ್ಲಿ ಬರುತ್ತದೆ. ಮೂಲ ಡಿಸ್ಕಿಗೂ ಪ್ರತಿಗೂ ಒಮ್ಮೊಮ್ಮೆ ಕೊಟ್ಟು ಹೋಲಿಸಿ. ಪ್ರತಿಯನ್ನು ವಿಎಲ್‌ಸಿಯಲ್ಲಿ ತೆರೆದು ಆರಂಭ, ನಡು, ಕೊನೆ ನೋಡಿ. ಕೊನೆಯನ್ನು ತಪ್ಪದೆ ನೋಡಿ.

ಪ್ರತಿ ತೆರೆಯುವುದೇ ಇಲ್ಲವೆಂದು ಎಸೆಯುವ ಮೊದಲು ಒಳಗಿನ ಫೋಲ್ಡರಿನಲ್ಲಿ ಐಎಫ್ಒ ಎಂದು ಕೊನೆಯಾಗುವ ಸಣ್ಣ ಫೈಲುಗಳನ್ನು ಗಮನಿಸಿ. ಯಾವ ದೃಶ್ಯ ಎಲ್ಲಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ, ಅದು ಕೆಟ್ಟರೆ ಪ್ಲೇಯರುಗಳು ದಾರಿ ತಪ್ಪುತ್ತವೆ. ಡಿವಿಡಿ ರೂಪಿಸಿದವರು ಅದನ್ನು ಮೊದಲೇ ಊಹಿಸಿ ಅದೇ ಹೆಸರಿನ ಬಿಯುಪಿ ಫೈಲೊಂದನ್ನು ಡಿಸ್ಕಿನಲ್ಲೇ ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಎಳೆದುಕೊಂಡು, ಬಿಯುಪಿಯ ಪ್ರತಿ ಮಾಡಿ ಐಎಫ್ಒ ಎಂದು ಹೆಸರಿಟ್ಟರೆ ಆಯಿತು. ಅದೂ ಆಗದಿದ್ದರೆ ವಿಒಬಿ ಫೈಲುಗಳನ್ನು ನೇರವಾಗಿ ವಿಎಲ್‌ಸಿಗೆ ಕೊಡಿ, ಮೆನು ಇಲ್ಲದಿದ್ದರೂ ಆಟ ಓಡುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಮು ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಸಜೆ ಉಂಟು. ಸ್ವಂತ ಬಳಕೆಯ ನ್ಯಾಯಯುತ ಉಪಯೋಗಕ್ಕೆ ಅದೇ ಕಾಯ್ದೆಯ 52ನೇ ಕಲಮು ಎಡೆ ಕೊಟ್ಟಿದೆ. ಮನೆಯ ಯಕ್ಷಗಾನಕ್ಕೆ ಬೀಗದ ಪ್ರಶ್ನೆ ಇಲ್ಲ, ಆದರೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಐವತ್ತು ವರ್ಷದ ಹಕ್ಕು ಇದೆ. ಉಳಿಸಿಕೊಳ್ಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಹಾಕುವ ಮೊದಲು ಅವರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ.

ಉಳಿಸಿದ ಪ್ರತಿಯನ್ನು ಮತ್ತೊಂದು ಡಿವಿಡಿಗೆ ಬರ್ನ್ ಮಾಡಿಡಬೇಡಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಎರಡನೆಯದು ಬೇರೆ ಮನೆಯಲ್ಲಿರಲಿ, ಸಾಧ್ಯವಾದರೆ ಊರಿನಲ್ಲಿ. ಹೆಸರಿಡುವಾಗ ಒಂದು ಎಚ್ಚರ. ಲಿನಕ್ಸಿನ ಸಾಮಾನ್ಯ ಹಾರ್ಡ್ ಡಿಸ್ಕ್ ಕ್ರಮದಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಚಿಹ್ನೆ, 18 ಬೈಟ್. ಪ್ರಸಂಗ, ಸಭಾಂಗಣ, ಭಾಗವತರು, ಎಲ್ಲವನ್ನೂ ಹೆಸರಿನಲ್ಲೇ ತುರುಕಿದರೆ ನಕಲು ಪ್ರೋಗ್ರಾಂ ‘ಹೆಸರು ಉದ್ದವಾಯಿತು’ ಎಂದು ಮತ್ತೆ ನಿಲ್ಲುತ್ತದೆ. ಫೈಲಿಗೆ ವರ್ಷ ಮತ್ತು ಪ್ರಸಂಗದ ಹೆಸರಷ್ಟೇ ಸಾಕು. ಜೊತೆಗೆ ಅದೇ ಹೆಸರಿನ ಒಂದು ಪಠ್ಯ ಫೈಲು ಮಾಡಿ, ಅದರಲ್ಲಿ ಆಟ ನಡೆದ ತಾರೀಕು, ಜಾಗ, ಭಾಗವತರು, ಚೆಂಡೆ, ಮದ್ದಳೆ, ಯಾವ ವೇಷ ಯಾರದ್ದು, ಆಡಿಸಿದವರು ಯಾರು ಎಂದು ಯೂನಿಕೋಡ್ ಕನ್ನಡದಲ್ಲಿ ಬರೆದಿಡಿ. ಡಿಸ್ಕಿನ ಸ್ಟಿಕ್ಕರಿನಲ್ಲಿ ಇವು ಇರುವುದಿಲ್ಲ. ಬಣ್ಣ ಬಳಿದ ಮುಖ ನೋಡಿ ವೇಷಧಾರಿಯ ಹೆಸರು ಹೇಳಬಲ್ಲ ಹಿರಿಯರು ಕೋಪರಿಯಲ್ಲಿ, ಡೊಂಬಿವಲಿಯಲ್ಲಿ ಇನ್ನೂ ಇದ್ದಾರೆ. ಪ್ರತಿ ಸಿದ್ಧವಾದ ವಾರದಲ್ಲೇ ಅವರೊಡನೆ ಕೂತು ನೋಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.